ಕೊಡದ ಮಾತ್ರೆಗೆ ಹಾಕಿದ ಟಿಕ್

ವಾರದ ದಿನಗಳಲ್ಲಿ ನಾನು ಒಂದು ವೃದ್ಧಾಶ್ರಮದಲ್ಲಿ ಸಹಾಯಕನಾಗಿ ಕೆಲಸ ಮಾಡೋದು ನಿಮಗೆ ಗೊತ್ತು. ಇವತ್ತು ಅಲ್ಲಿಯದೇ ಒಂದು ಪ್ರಶ್ನೆ. ಇನ್ನೂ ಕೊಡದ ಮಾತ್ರೆಗೆ ಚಾರ್ಟಿನಲ್ಲಿ ಟಿಕ್ ಹಾಕಿದರೆ ಅದು ಸುಳ್ಳಾ, ಬರೀ ಅವಸರವಾ?

ಇಪ್ಪತ್ತೆರಡು ಜನ ಹಿರಿಯರಿಗೆ ನಾವು ಇಬ್ಬರು. ಮೊದಲು ಎಲ್ಲರಿಗೂ ಟಿಕ್ ಹಾಕಿ, ಆಮೇಲೆ ಟ್ರೇ ಹಿಡಿದು ಹೋದರೆ ಕೆಲಸ ಬೇಗ ಮುಗಿಯುತ್ತೆ. ಮೋಸ ಮಾಡುವ ಮನಸ್ಸಿಲ್ಲ. ನಾನೂ ಹಾಗೇ ಮಾಡುತ್ತಿದ್ದೆ.

ಒಬ್ಬ ತಾತನಿಗೆ ಪಾರ್ಕಿನ್ಸನ್ ಕಾಯಿಲೆ. ಬೆಳಿಗ್ಗೆ 8ಕ್ಕೆ ಲೆವೊಡೋಪಾ ಮಾತ್ರೆ. ಇದರ ಶಕ್ತಿ ಕೆಲವೇ ಗಂಟೆ ಇರೋದು. ತಡವಾದರೆ ಮೈ ಬಿಗಿಯುತ್ತೆ, ನುಂಗೋದಕ್ಕೂ ಕಷ್ಟ. ಆ ದಿನ ಟಿಕ್ ಹಾಕಿದೆ, ಅಷ್ಟರಲ್ಲಿ ಪಕ್ಕದ ರೂಮಿನಲ್ಲಿ ಯಾರೋ ಬಿದ್ದರು, ಓಡಿದೆ. ಮರೆತೇಹೋಯಿತು. 10ರ ಹೊತ್ತಿಗೆ ತಾತ ಮರದ ಹಾಗೆ ಕೂತಿದ್ದಾರೆ, ಲೋಟ ಎತ್ತಕ್ಕಾಗ್ತಿಲ್ಲ. ಸಿಸ್ಟರ್ ಚಾರ್ಟ್ ನೋಡಿದರು. ಮಾತ್ರೆ ಕೊಟ್ಟಾಗಿದೆ! ಹಾಗಾದರೆ ಕಾಯಿಲೆ ಹೆಚ್ಚಾಗಿದೆ, ಡೋಸ್ ಏರಿಸೋದಕ್ಕೆ ಡಾಕ್ಟರಿಗೆ ಹೇಳೋಣ ಅಂದರು.

ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಅಂತ ಓದುವಾಗ ನಾವು ಕೋರ್ಟನ್ನೇ ನೆನೆಸುತ್ತೇವೆ, ಅಲ್ವಾ? ಆ ತಾತನಿಗೆ ಆಗ ಮಾತೇ ಹೊರಡುತ್ತಿರಲಿಲ್ಲ. ಅವರ ಪರವಾಗಿ ಮಾತಾಡೋದು ಆ ಚಾರ್ಟ್ ಒಂದೇ. ಅದು ಅವರ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು, ನನ್ನ ಕೈಬರಹದಲ್ಲಿ. ನನ್ನ ಮನಸ್ಸು ಒಳ್ಳೆಯದಿತ್ತು ಅನ್ನೋದರಿಂದ ಅವರಿಗೆ ಏನು ಪ್ರಯೋಜನ?

ಬಾಯಿ ಬಿಟ್ಟೆ. ಸಿಸ್ಟರ್ ಡಾಕ್ಟರನ್ನು ಕೇಳಿ ಆ ಒಂದು ಡೋಸ್ ಮಾತ್ರ ಕೊಟ್ಟರು. (ಮರೆತದ್ದನ್ನು ಸರಿದೂಗಿಸೋಕೆ ಅಂತ ನಾವೇ ಎರಡು ಕೊಡಬಾರದು. ಮನೆಯಲ್ಲೂ ಅಷ್ಟೇ.) ನಿಧಾನವಾಗಿ ತಾತನ ಕೈ ಸಡಿಲಾಯಿತು. ನನಗೆ ಅರ್ಧ ದಿನದ ಸಂಬಳ ಕಟ್ ಆಯಿತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆ ಸಂಬಳ ಕಟ್ ಆದ ಮೇಲೆ ಯಾರೂ ತಪ್ಪು ಒಪ್ಪಿಕೊಳ್ಳಲು ಬರಲಿಲ್ಲ. ತಪ್ಪು ನಿಂತಿತು ಅಂತಲ್ಲ, ಬಾಯಿ ನಿಂತಿತು. ನಿಜ ಹೇಳಿದವನಿಗೇ ದಂಡ ಹಾಕಿದರೆ ಮುಂದಿನ ಸುಳ್ಳಿನಲ್ಲಿ ದಂಡ ಹಾಕಿದವರಿಗೂ ಪಾಲಿದೆ. ನನ್ನ ಪಾಲು ಇದರಿಂದ ಕಡಿಮೆ ಆಗಲ್ಲ, ಅದೂ ಸರಿ.

ಈಗ ನಾನು ತಾತ ನುಂಗಿದ್ದು ನೋಡಿದ ಮೇಲೆಯೇ ಪೆನ್ ತೆಗೆಯುತ್ತೇನೆ. ಸುತ್ತು ಮುಗಿಯೋದು ಇಪ್ಪತ್ತು ನಿಮಿಷ ತಡ. ಹಾಗಾಗಿ ತಾತನಿಂದಲೇ ಶುರು ಮಾಡುತ್ತೇನೆ. ನಿಮ್ಮ ಅಪ್ಪ ಅಮ್ಮ ಇಂಥ ಕಡೆ ಇದ್ದರೆ, ಹೋದಾಗ ಚಾರ್ಟ್ ಕೇಳಿ ನೋಡಿ. ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿ ಇರ್ತಾರೆ ಅಂತಾನೂ ಕೇಳಿ.