ಮಗುವಿಗೆ ತೋರಿಸುವ ಪ್ರಪಂಚ ಎಷ್ಟು ನಿಜ?

ಮನೆಯಲ್ಲೇ ಮಕ್ಕಳಿಗೆ ಭೂಗೋಳ ಕಲಿಸಲು ಹೊರಟವರು ಅಂಗಡಿಯಲ್ಲಿ ಅಟ್ಲಾಸ್ ಕೈಗೆತ್ತಿಕೊಂಡರೆ ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಅಕ್ಷರ ದೊಡ್ಡದಿದೆಯೇ ಎಂದು ನೋಡುತ್ತಾರೆ. ನೋಡಬೇಕಾದವೇ. ಆದರೆ ಪ್ರಪಂಚದ ಪಟವಿರುವ ಪುಟ ತೆರೆದ ಕೂಡಲೇ ಇವ್ಯಾವುದಕ್ಕೂ ಸಂಬಂಧಿಸದ ಒಂದು ಧರ್ಮಸಂಕಟ ಎದುರಾಗುತ್ತದೆ. ಗೋಡೆಗೆ ತೂಗುಹಾಕುವ ಹಲವು ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಆಫ್ರಿಕಾ ನಿಜವಾಗಿ ಅದರ 14 ಪಟ್ಟು; ಭಾರತವೇ ಅದರ ಒಂದೂವರೆ ಪಟ್ಟು. ಸುಳ್ಳೆಂದು ತಿಳಿದೂ ಒಂದು ಚಿತ್ರವನ್ನು ಹಿಡಿದು ‘ಇದೇ ನೋಡು ಪ್ರಪಂಚ’ ಎಂದು ಐದಾರು ವರ್ಷದ ಮಗುವಿಗೆ ಹೇಳಬಹುದೇ?

ಸರಿಯಾದ ಅಟ್ಲಾಸ್ ಹುಡುಕಿದರಾಯಿತು ಎನ್ನುವಂತಿಲ್ಲ, ಏಕೆಂದರೆ ಅಂಥದ್ದು ಇಲ್ಲ. ಗೋಳದ ಮೈಯನ್ನು ಏನನ್ನೂ ಕೆಡಿಸದೆ ಚಪ್ಪಟೆ ಹಾಳೆಗೆ ಇಳಿಸಲಾಗದೆಂಬುದು 1827ರಲ್ಲಿ ಗಣಿತಜ್ಞ ಗೌಸ್ ಕೊಟ್ಟ ಪ್ರಮೇಯದಿಂದಲೇ ಸಿದ್ಧವಾಗುತ್ತದೆ. ಗಣಿತ ಬೇಡವೆಂದರೆ ಒಂದು ಕಿತ್ತಳೆ ಸಾಕು: ಸಿಪ್ಪೆಯನ್ನು ಆದಷ್ಟು ಇಡಿಯಾಗಿ ಬಿಡಿಸಿ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದರೆ ಅಂಚು ಸೀಳುತ್ತದೆ, ಸೀಳಬಾರದೆಂದರೆ ರಬ್ಬರಿನಂತೆ ಎಳೆಯಬೇಕು. ಹಾಗಾಗಿ ಪಟ ಬರೆಯುವವನ ಕೈಯಲ್ಲಿರುವುದು ಏನನ್ನು ಕೆಡಿಸಲಿ ಎಂಬ ಆಯ್ಕೆಯಷ್ಟೇ. 1569ರಲ್ಲಿ ಮರ್ಕೇಟರ್ ಗಾತ್ರವನ್ನು ಬಿಟ್ಟುಕೊಟ್ಟು ದಿಕ್ಕನ್ನು ಉಳಿಸಿಕೊಂಡ. ಅವನ ಪಟದ ಮೇಲೆ ಎಳೆದ ನೇರ ಗೆರೆ ಹಿಡಿದು, ದಿಕ್ಸೂಚಿಯನ್ನು ಒಂದೇ ಕೋನದಲ್ಲಿಟ್ಟುಕೊಂಡು ನಾವಿಕ ಬಂದರು ಸೇರಬಹುದಿತ್ತು. ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಕಟ್ಟಿಕೊಂಡು ಅವನಿಗೇನಾಗಬೇಕು? ಅವನ ಕೈಯಲ್ಲಿ ಸುಳ್ಳಲ್ಲದ ಪಟ ಶಾಲೆಯ ಗೋಡೆಗೆ ಬಂದ ಮೇಲೆ ಸುಳ್ಳಾಯಿತು. (ಮರ್ಕೇಟರ್ ತೀರಿಕೊಂಡ ಮರುವರ್ಷ, 1595ರಲ್ಲಿ, ‘ಅಟ್ಲಾಸ್’ ಎಂಬ ಹೆಸರಿನಲ್ಲಿ ಬಂದ ಅವನ ಪುಸ್ತಕದಲ್ಲಿ ಪಟಗಳ ಜೊತೆ ಜಗತ್ತಿನ ಸೃಷ್ಟಿಯ ಕುರಿತ ಚಿಂತನೆಯೂ ಇತ್ತು. ಭೂಪಟವನ್ನು ತತ್ತ್ವವಿಚಾರದಿಂದ ಬೇರ್ಪಡಿಸಿದ್ದು ಆಮೇಲಿನವರು.)

ಕಲಿಯುವವನಿಗಾಗಿ ಸುಳ್ಳು ಹೇಳುವ ಪ್ರಶ್ನೆಗೆ ನಮ್ಮಲ್ಲಿ ಹಳೆಯ ಉತ್ತರವೊಂದಿದೆ. ಮದುವೆಯಲ್ಲಿ ಅರುಂಧತಿಯನ್ನು ತೋರಿಸುವಾಗ ಆ ಮಂಕು ಚುಕ್ಕೆ ಒಮ್ಮೆಲೇ ಕಣ್ಣಿಗೆ ಬೀಳದೆಂದು ಪಕ್ಕದ ದೊಡ್ಡ ನಕ್ಷತ್ರವನ್ನೇ ಮೊದಲು ಅರುಂಧತಿಯೆಂದು ತೋರಿಸಿ, ದೃಷ್ಟಿ ನೆಲೆನಿಂತ ಮೇಲೆ ‘ಅದಲ್ಲ, ಅದರ ಹತ್ತಿರದ್ದು’ ಎನ್ನುವುದು ಕ್ರಮ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಈ ದೃಷ್ಟಾಂತವನ್ನು ತರುತ್ತಾರೆ. ಅಲ್ಲಿ ಗಮನಿಸಬೇಕಾದ್ದು ಕರಾರು: ದೊಡ್ಡ ಚುಕ್ಕೆ ತೋರಿಸಿದವನು ಆಮೇಲೆ ಅದನ್ನು ನಿರಾಕರಿಸಲೇಬೇಕು, ನಿರಾಕರಿಸದಿದ್ದರೆ ದೃಷ್ಟಾಂತವೇ ಅನ್ವಯಿಸದು. ಮಕ್ಕಳ ಅಟ್ಲಾಸುಗಳು ಎಡವುವುದು ಇಲ್ಲೇ. ಮೊದಲ ಪುಟದಲ್ಲಿ ಆರೋಪಿಸಿದ್ದನ್ನು ಕೊನೆಯ ಪುಟದವರೆಗೂ ಹಿಂದಕ್ಕೆ ಪಡೆಯುವುದಿಲ್ಲ. ಆದರೂ ಈ ಉತ್ತರ ನಮ್ಮ ಪ್ರಶ್ನೆಗೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಕೊನೆಗೆ ತೋರಿಸಲು ಒಂದು ಅರುಂಧತಿ ಇದ್ದಾಳೆ. ಭೂಪಟಗಳಲ್ಲಿ ಅಂಥ ಕೊನೆಯದು ಯಾವುದೂ ಇಲ್ಲ.

ಜೈನರ ನಯವಾದ ಹೆಚ್ಚು ನೆರವಿಗೆ ಬರುವುದು ಈ ಕಾರಣಕ್ಕೆ. ವಸ್ತುವಿಗೆ ಅನೇಕ ಧರ್ಮಗಳಿವೆ; ಒಂದನ್ನು ಹಿಡಿದು, ಉಳಿದವನ್ನು ಅಲ್ಲಗಳೆಯದೆ ಸದ್ಯಕ್ಕೆ ಬದಿಗಿಟ್ಟು ಹೇಳಿದರೆ ಅದು ನಯ. ಉಳಿದವು ಇಲ್ಲವೇ ಇಲ್ಲ ಎಂದೊಡನೆ ದುರ್ನಯ. ಈ ಅಳತೆಗೋಲು ಹಿಡಿದರೆ ಮರ್ಕೇಟರನ ಪಟ ಮಾತ್ರವಲ್ಲ, ಅದರ ವಿರುದ್ಧ ಎದ್ದವರೂ ಸಿಕ್ಕಿಬೀಳುತ್ತಾರೆ. 1973ರಲ್ಲಿ ಜರ್ಮನಿಯ ಆರ್ನೋ ಪೀಟರ್ಸ್ ಎಲ್ಲ ದೇಶಗಳಿಗೂ ಸರಿಯಾದ ವಿಸ್ತೀರ್ಣ ಕೊಡುವ ಪಟವೊಂದನ್ನು ಬಡದೇಶಗಳಿಗೆ ಸಲ್ಲಬೇಕಾದ ನ್ಯಾಯವೆಂಬಂತೆ ಮುಂದಿಟ್ಟಾಗ ಪಶ್ಚಿಮದ ಹಲವು ಚರ್ಚುಗಳು ಅದನ್ನು ಎತ್ತಿಹಿಡಿದವು. 2017ರಲ್ಲಿ ಬಾಸ್ಟನ್ನಿನ ಸರ್ಕಾರಿ ಶಾಲೆಗಳಿಗೂ ಅದು ಬಂತು. ವಿಸ್ತೀರ್ಣವೇನೋ ಸರಿಹೋಯಿತು, ಆಫ್ರಿಕಾ ಮಾತ್ರ ಹಿಡಿದೆಳೆದಂತೆ ಉದ್ದುದ್ದವಾಯಿತು. ಅದೇ ಬಗೆಯ ಪಟವನ್ನು ಸ್ಕಾಟ್ಲೆಂಡಿನ ಪಾದ್ರಿ ಜೇಮ್ಸ್ ಗಾಲ್ 1855ರಲ್ಲೇ, ಇಷ್ಟೆಲ್ಲ ಅಬ್ಬರವಿಲ್ಲದೆ, ತೋರಿಸಿದ್ದ. ಪೀಟರ್ಸ್ ಕಳಕಳಿಯಲ್ಲಿ ಸತ್ಯವಿದೆ. ತನ್ನದೊಂದೇ ಸರಿ ಎಂಬ ಹಟದಲ್ಲಿ ಇಲ್ಲ.

ಹಾಗಾದರೆ ಎಲ್ಲ ಪಟಗಳೂ ಒಂದೊಂದು ರೀತಿಯಲ್ಲಿ ಸರಿಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. 2014ರಲ್ಲಿ ರಾಜ್ಯವಾದ ತೆಲಂಗಾಣ, 2019ರಲ್ಲಿ ಕೇಂದ್ರಾಡಳಿತ ಪ್ರದೇಶವಾದ ಲಡಾಖ್ ಇಲ್ಲದ ಪುಸ್ತಕವನ್ನು ಇಂದಿನ ಭಾರತವೆಂದು ಮಾರುವುದು ನಯವೂ ಅಲ್ಲ, ದುರ್ನಯವೂ ಅಲ್ಲ, ಬರೀ ತಪ್ಪು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಇಷ್ಟೆಲ್ಲ ಮಗುವಿಗೆ ಯಾಕೆ, ಗೊಂದಲವಾಗುವುದಿಲ್ಲವೇ? ಸಿದ್ಧಾಂತ ಹೇಳಿದರೆ ಆಗುತ್ತದೆ, ನಿಜ. ದಾರ ಹಿಡಿದು ತೋರಿಸಿದರೆ ಆಗುವುದಿಲ್ಲ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂತು. ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರ ಹಿಡಿದು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಜಾರಿ ಧ್ರುವದ ಕಡೆಗೆ ಸರಿದು ನಿಲ್ಲುತ್ತದೆ. ಮರ್ಕೇಟರನ ಪಟದಲ್ಲಿ ಆ ವಿಮಾನದ ದಾರಿಯನ್ನು ಪೂರ್ತಿಯಾಗಿ ಗುರುತಿಸಲೂ ಆಗದು. ಹಾಳೆಯನ್ನು ಎಷ್ಟೇ ಎತ್ತರಿಸಿದರೂ ಅದರಲ್ಲಿ ಧ್ರುವ ಸಿಗುವುದಿಲ್ಲ. ಅಮೆರಿಕದ ಚಿಕ್ಕಪ್ಪ ಯಾವ ದಾರಿಯಿಂದ ಬರುತ್ತಾನೆಂದು ಕೇಳುವ ವಯಸ್ಸಿನ ಮಗುವಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ.

ನಯದ ಮಾತು ಹೇಳುವ ಜೈನರ ತತ್ತ್ವಾರ್ಥಸೂತ್ರವೇ ಮೂರನೆಯ ಅಧ್ಯಾಯದಲ್ಲಿ ಲಕ್ಷ ಯೋಜನ ಅಗಲದ, ನಡುವೆ ಮೇರುವಿರುವ ಜಂಬೂದ್ವೀಪವನ್ನು ವರ್ಣಿಸುತ್ತದಲ್ಲ, ಅಂಥವರಿಂದ ಭೂಗೋಳ ಕಲಿಯುವುದೇ ಎಂದು ನಗುವವರಿದ್ದಾರೆ. ಭೂಗೋಳವನ್ನು ಅಲ್ಲಿಂದ ಕಲಿಯಬೇಕಿಲ್ಲ. ಆ ಜೈನ ಭೂವರ್ಣನೆಯೊಂದಿಗೆ ಬರುವ ಎರಡು ಸೂರ್ಯರ ಲೆಕ್ಕವನ್ನು ಭಾಸ್ಕರಾಚಾರ್ಯ 1150ರ ಸಿದ್ಧಾಂತಶಿರೋಮಣಿಯಲ್ಲಿ ಖಂಡಿಸಿಯೇ ಬಿಟ್ಟಿದ್ದಾನೆ. ನಯವಾದ ಅದರಿಂದ ಬೀಳುವುದಿಲ್ಲ. ಜಂಬೂದ್ವೀಪದ ಪಟಕ್ಕೂ ಅದೇ ವಾದವನ್ನು ತಿರುಗಿಸಿ ಕೇಳಬಹುದು.

ಅದೇ ಭಾಸ್ಕರ ಭೂಮಿ ಚಪ್ಪಟೆಯಾಗಿ ಕಾಣುವುದೇಕೆಂದೂ ಹೇಳಿದ್ದಾನೆ: ಪರಿಧಿಯ ನೂರರಲ್ಲೊಂದು ಭಾಗ ನೋಡುವವನಿಗೆ ಸಮತಟ್ಟಾಗಿಯೇ ತೋರುತ್ತದೆ. ಅಟ್ಲಾಸ್ ಆರಿಸುವವರಿಗೆ ಇದಕ್ಕಿಂತ ಉಪಯೋಗದ ಮಾತಿಲ್ಲ. ಜಿಲ್ಲೆಯ, ರಾಜ್ಯದ ಪಟದಲ್ಲಿ ಗೋಳದಿಂದಾಗುವ ಕೆಡುಕು ಕಣ್ಣಿಗೆ ಕಾಣದಷ್ಟು ಸಣ್ಣದು. ಪ್ರಪಂಚದ ಪಟದಲ್ಲಿ ಅದೇ ಬೃಹತ್ತು. ಆದ್ದರಿಂದ ಊರು, ಜಿಲ್ಲೆ, ರಾಜ್ಯಗಳಿಂದ ಶುರುವಾಗುವ, ಪ್ರತಿ ಪುಟದಲ್ಲೂ ಪ್ರಮಾಣ ನಮೂದಿಸುವ, ಪ್ರಪಂಚವನ್ನು ಎರಡಾದರೂ ಬಗೆಯ ಪಟಗಳಲ್ಲಿ ತೋರಿಸುವ ಪುಸ್ತಕವನ್ನು ಕೊಳ್ಳಿ. ಜೊತೆಗೊಂದು ಗ್ಲೋಬ್ ಇರಲಿ. ಗ್ಲೋಬೊಂದೇ ಸಾಕೆನ್ನಬೇಡಿ: 30 ಸೆಂಟಿಮೀಟರ್ ವ್ಯಾಸದ ಗ್ಲೋಬಿನಲ್ಲಿ ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕ ಎರಡು ಸೆಂಟಿಮೀಟರಿನಷ್ಟೂ ಇರುವುದಿಲ್ಲ, ತುಂಗಭದ್ರೆಯನ್ನು ಹುಡುಕಲು ಮತ್ತೆ ಪುಟ ತಿರುವಲೇಬೇಕು.