ಮೈಸೂರಲ್ಲಿ ಮನೆ, ಮಾಂಬಳ್ಳಿಯಲ್ಲಿ ಪಾಠ

ಸರ್ಕಾರಿ ಮೇಷ್ಟರ ಮನೆ ಬಾಡಿಗೆ ಭತ್ಯೆ ಅವರು ಮಲಗುವ ಊರನ್ನು ನೋಡುವುದಿಲ್ಲ, ಹಾಜರಿ ಹಾಕುವ ಊರನ್ನು ನೋಡುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಬೆಂಗಳೂರಿಗೆ ಮೂಲ ವೇತನದ ಶೇ 20, ಮೈಸೂರಿನಂಥ ಊರಿಗೆ ಶೇ 15, ಮಿಕ್ಕ ಕಡೆಗೆಲ್ಲ ಶೇ 7.5. ನಮ್ಮ ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಆ ‘ಮಿಕ್ಕ ಕಡೆ’ಗೆ ಸೇರಿದ್ದು. ಮೂಲ ವೇತನ 50 ಸಾವಿರ ಇರುವವರಿಗೆ ಇಲ್ಲಿ ಬಾಡಿಗೆಗೆಂದು ಬರುವುದು 3,750 ರೂಪಾಯಿ. ಊರಲ್ಲೇ ಇದ್ದರೆ ಆ ದುಡ್ಡಿಗೆ ಹಜಾರ, ಎರಡು ಕೋಣೆ, ಒಂದಿಷ್ಟು ಹಿತ್ತಲು ಸಿಕ್ಕೀತು. ಮೈಸೂರಿನಲ್ಲಿ ಅದೇ ದುಡ್ಡಿಗೆ ಒಂದು ಕೋಣೆ ಸಿಕ್ಕರೆ ಪುಣ್ಯ. ಆದರೂ ಈ ಭಾಗದ ಎಷ್ಟೋ ಶಿಕ್ಷಕರು ಮನೆ ಹುಡುಕುವುದು ಮೈಸೂರಿನಲ್ಲೇ. ಕಾರಣ ಕೇಳಿದರೆ ಎಲ್ಲರದೂ ಒಂದೇ ಮಾತು: ‘ಮಕ್ಕಳ ಓದು.’

ಹಿಂದೆಯೂ ಇಲ್ಲಿನ ಮಕ್ಕಳು ಓದಿಗೆ ಮೈಸೂರಿಗೇ ಹೋಗುತ್ತಿದ್ದರು. ಆದರೆ ಹೋಗುತ್ತಿದ್ದದ್ದು ಹುಡುಗನೊಬ್ಬನೇ. ವಾರಾನ್ನದ ಮನೆಯೋ, ಜಾತಿಗೊಂದರಂತೆ ಇದ್ದ ಹಾಸ್ಟೆಲ್ಲೋ, ಸುತ್ತೂರು ಮಠ ಮೈಸೂರಿನಲ್ಲಿ ತೆರೆದಿದ್ದ ಉಚಿತ ವಿದ್ಯಾರ್ಥಿನಿಲಯವೋ ಅವನನ್ನು ನೋಡಿಕೊಳ್ಳುತ್ತಿತ್ತು. ಮನೆಮಂದಿ ಊರಲ್ಲೇ ಉಳಿಯುತ್ತಿದ್ದರು. ಈಗ ಎಲ್‌ಕೆಜಿ ಸೀಟಿಗಾಗಿ ಇಡೀ ಸಂಸಾರ ಎದ್ದು ಹೊರಡುತ್ತದೆ, ಮೇಷ್ಟರು ಮಾತ್ರ ದಿನಾ ಅರವತ್ತು ಎಪ್ಪತ್ತು ಕಿಲೋಮೀಟರ್ ಹಿಂದಕ್ಕೆ ಬರುತ್ತಾರೆ. ಇದಕ್ಕೆ ಇಲ್ಲಿ ‘ಅಪ್ ಅಂಡ್ ಡೌನ್’ ಅಂತ ಹೆಸರು. ಪಕ್ಕದ ಕೊಳ್ಳೇಗಾಲಕ್ಕೂ ರೈಲಿಲ್ಲ, ಇರುವುದು ಬಸ್ಸೇ. ಸಂಜೆ ಟಿ. ನರಸೀಪುರ ಮಾರ್ಗದ ಬಸ್ಸು ಹತ್ತಿದರೆ ಮಡಿಲಲ್ಲಿ ಊಟದ ಡಬ್ಬಿ, ಅದರ ಮೇಲೆ ಕಿರುಪರೀಕ್ಷೆಯ ಉತ್ತರಪತ್ರಿಕೆ ಇಟ್ಟುಕೊಂಡು ಕುಲುಕಾಟದಲ್ಲೇ ಅಂಕ ಹಾಕುತ್ತಾ ಕೂತ ಅಮ್ಮಂದಿರು ಕಾಣುತ್ತಾರೆ. ಮನೆ ಮುಟ್ಟುವ ಹೊತ್ತಿಗೆ ಮಗು ಟ್ಯೂಷನ್ನಿಗೆ ಹೋಗಿರುತ್ತದೆ. ಹೇಳಿಕೊಡಬೇಕಾದ ಶಿಕ್ಷಕಿ ಬಸ್ಸಿನಲ್ಲಿ ಇದ್ದರಲ್ಲ, ಅದಕ್ಕೇ ಟ್ಯೂಷನ್ನು.

ಮೈಸೂರಿನಲ್ಲಾದರೂ ಕೈಗೆಟಕುವ ಬಡಾವಣೆ ಯಾವುದು? ಬಸ್ಸಿನ ಅನುಕೂಲ ನೋಡಿದರೆ ಟಿ. ನರಸೀಪುರ ರಸ್ತೆಯ ಕಡೆ, ಆಲನಹಳ್ಳಿ, ಗಿರಿದರ್ಶಿನಿ ಆಸುಪಾಸು ಹುಡುಕಬೇಕು. ಕಡಿಮೆ ಶುಲ್ಕದಲ್ಲಿ ಒಳ್ಳೆಯ ಪಾಠ ಬೇಕೆಂದರೆ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಡೆಮಾನ್‌ಸ್ಟ್ರೇಷನ್ ಶಾಲೆ ಇರುವುದು ಊರಿನ ಆ ತುದಿಗೆ, ಮಾನಸಗಂಗೋತ್ರಿಯಲ್ಲಿ. ಸೀಟು ಸಿಗುವುದೂ ಸುಲಭವಲ್ಲ. ಹಳೆಯ ಅನುದಾನಿತ ಶಾಲೆಗಳು ಹಳೆಯ ಮೈಸೂರಿನ ನಡುವೆ ಇವೆ, ಅಲ್ಲಿ ಬಾಡಿಗೆ ಜಾಸ್ತಿ. ಹೊರವಲಯದಲ್ಲಿ ಬಾಡಿಗೆ ಕಡಿಮೆ, ಆದರೆ ಸರ್ಕಾರಿ ಪ್ರೌಢಶಾಲೆ ನಡೆದು ಹೋಗುವ ದೂರದಲ್ಲಿರುವುದು ಅಪರೂಪ. ಹಳದಿ ವ್ಯಾನಿನ ಶುಲ್ಕ ಸೇರಿಸಿದರೆ ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿಗೇ ಸರಿಹೋಗುತ್ತದೆ. ತಿಂಗಳ ಬಾಡಿಗೆ ಬೇಡವೆಂದು ಭೋಗ್ಯಕ್ಕೆ ಹೋಗುವವರು ಕೆಜಿಐಡಿ ಸಾಲ, ಪತ್ತಿನ ಸಂಘದ ಸಾಲ ಎರಡನ್ನೂ ಎತ್ತಿ ಮಾಲೀಕರ ಕೈಗೆ ಲಕ್ಷಗಳನ್ನು ಇಡುತ್ತಾರೆ. ಆಮೇಲೆ ಸಂಬಳದಲ್ಲಿ ಕಂತು ಕಡಿತ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿರುತ್ತದೆ. ಬೋರ್ಡಿನಲ್ಲಿ ಇಲ್ಲದಿದ್ದರೆ ಮಾತಿನಲ್ಲಿ ಬರುತ್ತದೆ. ‘ಯಾವ ಇಲಾಖೆ?’ ‘ಶಿಕ್ಷಣ ಇಲಾಖೆ.’ ‘ಒಳ್ಳೇದಾಯ್ತು, ಮೇಷ್ಟರು ಅಂದ್ರೆ ಸಂತೋಷ. ಯಾವ ಕಡೆಯೋರು?’ ‘ಯಳಂದೂರು ಕಡೆ.’ ‘ಅದಲ್ಲ, ನೀವು ಯಾವ ಜನ ಅಂತ...’ ಅಲ್ಲಿಗೆ ಆ ಮನೆ ತಪ್ಪಿತು. ದಲಿತ ಶಿಕ್ಷಕರೊಬ್ಬರಿಗೆ ‘ಕೈಗೆಟಕುವ ಬಡಾವಣೆ’ಗಳ ಪಟ್ಟಿ ಉಳಿದವರಿಗಿಂತ ಗಿಡ್ಡ. ಸಿಕ್ಕ ಮನೆಗೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಚೌಕಾಸಿ ಮಾಡದೆ ಒಪ್ಪಿಕೊಳ್ಳಬೇಕಾಗುತ್ತದೆ. ಯಾವ ವೇತನ ಆಯೋಗವೂ ಈ ಖರ್ಚಿಗೆ ಭತ್ಯೆ ಕೊಟ್ಟಿಲ್ಲ.

ಇಷ್ಟೆಲ್ಲ ಮಾಡಿ ಮಗುವಿಗೆ ಸಿಗುವುದೇನೋ ಸರಿ, ತಪ್ಪುವುದೇನು ಅಂತಲೂ ನೋಡಬೇಕು. ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಹೊಂಡರಬಾಳಿನಲ್ಲಿದೆ. ಆರನೇ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಊಟ ವಸತಿ ಉಚಿತ, ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಅಂದರೆ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ. ಸಿಇಟಿಯ ಶೇ 15ರ ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ ಓದಿರಬೇಕು. ಇದಕ್ಕೆ ಕೆನೆಪದರದ ಷರತ್ತೂ ಉಂಟು, ಗಂಡ ಹೆಂಡತಿ ಇಬ್ಬರೂ ನೌಕರರಾಗಿದ್ದರೆ ಅಡ್ಡ ಬರಬಹುದು. ಇಲ್ಲೊಂದು ಸೂಕ್ಷ್ಮವಿದೆ. ಯಳಂದೂರು ಪಟ್ಟಣ ಪಂಚಾಯಿತಿ, ಹನೂರೂ ಪಟ್ಟಣ ಪಂಚಾಯಿತಿ, ಕೊಳ್ಳೇಗಾಲ ನಗರಸಭೆ. ಅಲ್ಲಿ ಓದಿದರೂ ಗ್ರಾಮೀಣ ಅನ್ನಿಸಿಕೊಳ್ಳುವುದಿಲ್ಲ. ಮಾಂಬಳ್ಳಿ ಗ್ರಾಮ ಪಂಚಾಯಿತಿ, ಇಲ್ಲಿ ಓದಿದರೆ ಮೀಸಲು ಸಿಗುತ್ತದೆ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರು ಸಹಿ ಹಾಕುತ್ತಾರೆ, ಬಿಇಒ ಮೇಲುಸಹಿ ಮಾಡುತ್ತಾರೆ. ಊರ ಮಕ್ಕಳಿಗೆಲ್ಲ ಸಹಿ ಹಾಕಿಕೊಡುವವರಿಗೆ ಈ ನಿಯಮ ಗೊತ್ತಿಲ್ಲ ಅನ್ನುವಂತಿಲ್ಲ. ಆದರೂ ತಮ್ಮ ಮಗುವಿನ ಮಾತು ಬಂದಾಗ ಪಕ್ಕದ ಮನೆಯವರು ಸೇರಿಸಿದ ಶಾಲೆಯ ಹೆಸರೇ ಹೆಚ್ಚು ತೂಗುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಒರಟು. ಪ್ರಾಥಮಿಕ ತರಗತಿಗಾಗಿ ಮೈಸೂರಿಗೆ ಸಂಸಾರ ಎತ್ತುವುದರಷ್ಟು ದುಬಾರಿ ಮತ್ತು ನಿರುಪಯೋಗಿ ಖರ್ಚು ಶಿಕ್ಷಕರ ಬದುಕಿನಲ್ಲಿ ಬೇರೆ ಇಲ್ಲ. ಆ ವಯಸ್ಸಿಗೆ ಬೇಕಾದ ಓದು, ಬರಹ, ಲೆಕ್ಕ ಕಲಿಸಲು ತರಬೇತಿ ಪಡೆದವರು ಮನೆಯಲ್ಲೇ ಇದ್ದಾರೆ, ಸಂಜೆ ಐದಕ್ಕೆ ಮನೆಯಲ್ಲಿದ್ದರೆ ಸಾಕು. ಇಂಗ್ಲಿಷೇ ಚಿಂತೆ ಅನ್ನುವವರಿಗಾಗಿ 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವೂ ಶುರುವಾಯಿತು. ಪಿಯುಸಿಗೆ ಹೋಗುವಾಗ ಮೈಸೂರೇ ಬೇಕೆನ್ನಿ, ಒಪ್ಪುತ್ತೇನೆ. ಹದಿನಾರರ ಹುಡುಗ ಹಾಸ್ಟೆಲ್ಲಿನಲ್ಲಿ ಇರಬಲ್ಲ, ಎರಡು ವರ್ಷದ ಹಾಸ್ಟೆಲ್ ಶುಲ್ಕ ಹನ್ನೆರಡು ವರ್ಷದ ನಗರ ಬಾಡಿಗೆಯ ಹತ್ತಿರಕ್ಕೂ ಬಾರದು. ನಡುವೆ ಕೊಳ್ಳೇಗಾಲವೂ ಇದೆ. ಗ್ರಾಮೀಣ ಮೀಸಲು ತಪ್ಪಿದರೂ ಬಾಡಿಗೆ ಹಗುರ, ಪ್ರೌಢಶಾಲೆ ಕಾಲೇಜು ಎರಡೂ ಉಂಟು, ಮಾಂಬಳ್ಳಿಗೆ ಬಸ್ಸಲ್ಲಿ ಅರ್ಧ ಗಂಟೆ ಸಾಕು. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರಿನವರಿಗೆ ಹೊರ ಸೀಮೆ. ಆ ಗಡಿ ಅಳಿಸಿ ಎಷ್ಟೋ ಕಾಲವಾಯಿತು. ಆದರೂ ಮನೆ ಹುಡುಕುವ ಮೇಷ್ಟರ ಕಣ್ಣು ಕೊಳ್ಳೇಗಾಲವನ್ನು ದಾಟಿಕೊಂಡೇ ಹೋಗುತ್ತದೆ.

ಹೊರೆಯನ್ನೆಲ್ಲ ಶಿಕ್ಷಕರ ತಲೆಗೇ ಕಟ್ಟುವುದೂ ಸರಿಯಲ್ಲ. ಕೇಂದ್ರಸ್ಥಾನದಲ್ಲಿ ವಾಸವಿರಬೇಕು ಅಂತ ಸುತ್ತೋಲೆ ಹೊರಡಿಸುವ ಸರ್ಕಾರ ಅಲ್ಲಿ ವಾಸಕ್ಕೆ ಮನೆ ಕಟ್ಟಿಲ್ಲ. ಪೊಲೀಸರಿಗೆ ವಸತಿಗೃಹ ಇವೆ. ಶಿಕ್ಷಕರಿಗೆ ಇರುವುದು ಗುರುಭವನ, ಅದು ಸಭೆ ಸಮಾರಂಭಕ್ಕೆ. ಅದೇ ಜನ ಹೊಗಳುವ ಶಾಲೆಗಳನ್ನು ನೋಡಿ: ಹೊಂಡರಬಾಳಿನ ನವೋದಯ ಇರಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿರಲಿ, ಶಿಕ್ಷಕರು ಆವರಣದಲ್ಲೇ ಇರಬೇಕೆಂದು ಮೊದಲೇ ಲೆಕ್ಕ ಹಾಕಿ ಕಟ್ಟಿದಂಥವು. ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಹೊಸ ಕೊಠಡಿಗಳ ಅಂದಾಜುಪಟ್ಟಿ ತಯಾರಿಸುವಾಗ ಕೊನೆಯಲ್ಲಿ ಶಿಕ್ಷಕರಿಗೆಂದು ನಾಲ್ಕು ಮನೆಗಳ ಒಂದು ಸಾಲನ್ನೂ ಸೇರಿಸಬಹುದು. ಅದನ್ನು ಮಾಂಬಳ್ಳಿಯಂಥ ಊರುಗಳಿಂದಲೇ ಶುರು ಮಾಡಲಿ.