ಉಪಚಾರವೂ ಮಧುಮೇಹವೂ

ತ್ಯಾಗಲಿಯ ಸೀಮೆಯಲ್ಲಿ, ಬೇಡವೆಂದವನ ಎಲೆಗೂ ಮತ್ತೊಂದು ಹೋಳಿಗೆಯನ್ನು ಬಡಿಸುವುದೇ ಸತ್ಕಾರವೆನಿಸಿರುವುದು. ಉಣ್ಣುವವನು ಮಧುಮೇಹಿಯಾದರೆ ಆ ಪ್ರೀತಿಯು ಹಿಂಸೆಯಾಗದೆ? ಸುಖಾಸನ, ನಿದ್ರಾಸುಖ, ಬೆಲ್ಲದ ಭಕ್ಷ್ಯ ಮೊದಲಾದವುಗಳನ್ನು ಚರಕಸಂಹಿತೆಯು ಪ್ರಮೇಹಕ್ಕೆ ಕಾರಣಗಳೆಂದು ಎಣಿಸಿದೆ. ಸುಶ್ರುತಸಂಹಿತೆಯಂತೂ ಬಡರೋಗಿಗೆ ಕೊಡೆ ಪಾದರಕ್ಷೆಗಳಿಲ್ಲದ ನೂರು ಯೋಜನಗಳ ನಡಿಗೆಯನ್ನೇ ವಿಧಿಸಿತು. (ಈಗಿನವರು ಅಡಕೆಯ ತೋಟಕ್ಕೆ ದಿನವೂ ಇಳಿದು ಹತ್ತಿದರೂ ಮೇಲು!) ಹಾಗೆಂದು ರೋಗಿಯನ್ನು ಜಿಹ್ವಾಚಪಲನೆಂದು ಹಳಿಯುವುದು ನ್ಯಾಯವಲ್ಲ. ರೋಗದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಪರೀಕ್ಷಿಸಿ ಚೆನ್ನೈಯ ವೈದ್ಯರು 2006ರಲ್ಲಿ ಫಲವನ್ನು ಪ್ರಕಟಿಸಿದರು. ವಿಶೇಷ ಉಪದೇಶವೂ ಔಷಧವೂ ಇಲ್ಲದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ರೋಗಿಗಳಾದರು. ಮಿತಾಹಾರ, ನಡಿಗೆಗಳ ಉಪದೇಶ ಪಡೆದವರಲ್ಲಿ 39. ಉಪದೇಶವು ಹಲವರನ್ನು ಉಳಿಸಿತು, ಎಲ್ಲರನ್ನೂ ಅಲ್ಲ. ಉಳಿಯಬಹುದಾಗಿದ್ದ ಒಬ್ಬನು ಎಲೆಗೆ ಕೈ ಅಡ್ಡ ಹಿಡಿದಿರಲು, ಪಂಕ್ತಿಯೆಲ್ಲ ನಕ್ಕು ಅವನನ್ನು ಒಪ್ಪಿಸಿದರೆ, ಆ ಹೋಳಿಗೆಯ ಪಾಪವು ಯಾರ ಲೆಕ್ಕಕ್ಕೆ?